ಭಾನುವಾರ ಬೆಳಗಿನ ಬ್ಯಾಸ್ಕೆಟ್‌ಬಾಲ್

ಬ್ಯಾಸ್ಕೆಟ್‌ಬಾಲ್ ಕೂತು ನೋಡುವಂಥ ಆಟವೇ ಅಲ್ಲ ಅಂತ ನಾನು ಈಗಲೂ ಹೇಳುತ್ತೇನೆ. ಕೋಟಿಗಟ್ಟಲೆ ಸಂಬಳದ ಅಮೆರಿಕದವರು ಆಡಿದರೂ ಅಷ್ಟೆ. ಕ್ರಿಕೆಟ್‌ನಲ್ಲಿ ಒಂದು ವಿಕೆಟ್‌ಗೆ ಎಷ್ಟೋ ಹೊತ್ತು ಕಾಯಬೇಕು, ಅದಕ್ಕೇ ಬಿದ್ದಾಗ ಎದ್ದು ಕುಣಿಯುವಂತಾಗುತ್ತದೆ. ಕಬಡ್ಡಿಯಲ್ಲಿ ಒಳಗೆ ಹೋದವನು ಗೆರೆಗೆ ವಾಪಸ್ ಬರುವ ತನಕ ನೋಡುವವನ ಉಸಿರೂ ಕಟ್ಟಿರುತ್ತದೆ. ಇಲ್ಲಿ ಆ ಕಡೆ ಒಂದು ಬುಟ್ಟಿ, ಈ ಕಡೆ ಒಂದು ಬುಟ್ಟಿ, ಚೆಂಡು ಬೀಳುತ್ತಲೇ ಇರುತ್ತದೆ. ದಿನಾ ಹೋಳಿಗೆ ತಿಂದರೆ ಹಬ್ಬದ ದಿನ ಏನು ತಿನ್ನುವುದು? ಇದನ್ನು ನನ್ನ ತಮ್ಮನ ಮುಂದೆ ಎಷ್ಟು ಸಲ ಹೇಳಿ ರೇಗಿಸಿದ್ದೇನೋ ನನಗೇ ಗೊತ್ತಿಲ್ಲ.

ತಮ್ಮ ಇರುವುದು ಕಲ್ಯಾಣದುರ್ಗದಲ್ಲಿ, ಹೆಂಡತಿಯ ತವರುಮನೆಯಲ್ಲಿ. ಅವನ ಅತ್ತೆ ಮಾವನಿಗೆ ಒಬ್ಬಳೇ ಮಗಳು, ಚೆನ್ನಾಗಿ ನಡೆಯುವ ಬೀಜ-ಗೊಬ್ಬರದ ಅಂಗಡಿ. ಮನೆಯಲ್ಲೇ ಉಳಿಯುವ ಅಳಿಯ ಬೇಕು ಅಂತ ಕೇಳಿಕೊಂಡು ಬಂದರು. ಮನೆಅಳಿಯತನಕ್ಕೆ ಆಂಧ್ರದ ಗಡಿಯ ನಮ್ಮ ಕಡೆ ತೆಲುಗಿನಲ್ಲಿ ಇಲ್ಲರಿಕಂ ಅಂತಲೇ ಅನ್ನುವುದು. ಹಿಂದೂಪುರದ ನಮ್ಮ ಹುಣಸೆಹಣ್ಣಿನ ಮಂಡಿಗೆ ಇಬ್ಬರು ಯಜಮಾನರು ಯಾಕೆ ಅಂತ ನನ್ನ ಮನಸ್ಸಿನಲ್ಲೂ ಇತ್ತು, ಒಪ್ಪಿಕೊಂಡೆವು. ಹುಡುಗಿ ಒಳ್ಳೆಯವಳು, ಗಂಡ ಹೆಂಡತಿ ಅನ್ಯೋನ್ಯವಾಗಿದ್ದಾರೆ. ಅದರಲ್ಲಿ ನನಗೆ ಯಾವ ಕೊರಗೂ ಇಲ್ಲ.

ಶನಿವಾರ ಸಂಜೆಯ ಬಸ್ಸಿಗೆ ಅವನು ಹಿಂದೂಪುರಕ್ಕೆ ಬಂದುಬಿಡುತ್ತಿದ್ದ. ಅಮೆರಿಕದಲ್ಲಿ ಶನಿವಾರ ರಾತ್ರಿ ಆಡುವ ಆಟ ನಮಗೆ ಭಾನುವಾರ ಬೆಳಗ್ಗೆ ಬರುತ್ತದೆ. ಬೇಗ ಎದ್ದು, ಟೀವಿಗೆ ನೆಟ್ ಜೋಡಿಸಿ, ಸೋಫಾದ ಮೇಲೆ ಕಾಲು ಮಡಚಿಕೊಂಡು ಕೂತನೆಂದರೆ ಮುಗಿಯಿತು. ಕಾಲೇಜಿನಲ್ಲಿ ಸಿಮೆಂಟು ಅಂಗಳದಲ್ಲಿ ಮಂಡಿ ತರಚಿಕೊಂಡು ಆಡಿದವನು. ನಾನು ಹಲ್ಲುಜ್ಜುತ್ತಾ ಬಂದು ಗೊಣಗುತ್ತಿದ್ದೆ.

“ಚೆಂಡು ಇರೋನ್ನ ನೋಡಬ್ಯಾಡ ಕಣಣ್ಣ. ಇಲ್ದೋರು ಏನ್ ಮಾಡ್ತವ್ರೆ ಅಂತ ನೋಡು.”

“ಏನ್ ಮಾಡ್ತವ್ರೆ? ಸುಮ್ಕೆ ಓಡಾಡ್ತವ್ರೆ.”

“ಇನ್ನೊಬ್ಬನಿಗೆ ಜಾಗ ಮಾಡ್ಕೊಡ್ತವ್ರೆ ಕಣಣ್ಣ. ಆಟ ಅಂದ್ರೆ ಅದೇ.”

ನನಗೆ ಆ ಜಾಗ ಕಾಣಿಸಲೇ ಇಲ್ಲ. ಉದ್ದುದ್ದದ ಮನುಷ್ಯರು ಒಬ್ಬರಿಗೊಬ್ಬರು ಅಡ್ಡ ಬರುವುದಷ್ಟೇ ಕಾಣಿಸುತ್ತಿತ್ತು.

ಹೋದ ಚಳಿಗಾಲದಲ್ಲಿ ಆಸ್ಟ್ರೇಲಿಯಾದಲ್ಲಿ ಕ್ರಿಕೆಟ್ ಟೆಸ್ಟ್ ಇತ್ತು. ಅದೂ ಅದೇ ಬೆಳಗಿನ ಹೊತ್ತಿಗೇ ಬರುವುದು. ಮಂಡಿಯ ಗೆಳೆಯರು ನಮ್ಮ ಮನೆಗೇ ಬರುವುದೆಂದು ಆಗಿತ್ತು. ಶನಿವಾರ ತಮ್ಮನಿಗೆ ಫೋನ್ ಮಾಡಿದೆ.

“ಈ ವಾರ ಇಲ್ಲಿ ಕ್ರಿಕೆಟ್ ಐತೆ ಕಣಪ್ಪ. ನಿನ್ ಆಟ ನಿಮ್ಮನೇಲೇ ನೋಡ್ಕೊ. ಅಲ್ಲೂ ದೊಡ್ಡ ಟೀವಿ ಐತಲ್ಲ.”

“ಆಯ್ತಣ್ಣ,” ಅಂದ. ಧ್ವನಿಯಲ್ಲಿ ಬೇಜಾರೇನೂ ಇರಲಿಲ್ಲ. ಆ ವಾರ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಆಮೇಲೆ ಭಾನುವಾರಗಳು ನನ್ನ ಪಾಲಿಗೇ ಉಳಿದವು. ನನಗೆ ಹಾಯೆನಿಸಿತು. ಈಗ ನೆನೆಸಿಕೊಂಡರೆ ಚುಚ್ಚುವುದು ಆ ಹಾಯೇ.

ಹುಣಸೆ ಕಾಲ ಬಂದಾಗ ಮರಗಳ ಫಸಲು ನೋಡಲು ಕುಂದುರ್ಪಿ ಕಡೆ ಹೋಗಿದ್ದೆ. ವಾಪಸ್ ಬರುವಾಗ ಹೊತ್ತಾಯಿತು, ಕಲ್ಯಾಣದುರ್ಗದಲ್ಲಿ ತಮ್ಮನ ಮನೆಯಲ್ಲೇ ಉಳಿದುಕೊಂಡೆ. ಮಾರನೆಯ ದಿನ ಭಾನುವಾರ. ಹಾಲ್‌ನಲ್ಲಿ ಅವನ ಅತ್ತೆ ಟೀವಿಯಲ್ಲಿ ಭಜನೆ ಹಾಕಿಕೊಂಡು, ಮೊರದ ತುಂಬ ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು. ಮಾವ ಪೇಪರ್ ಓದುತ್ತಿದ್ದರು. ನಾನೂ ಕಾಫಿ ಹಿಡಿದು ಅಲ್ಲೇ ಕೂತಿದ್ದೆ. ಆಗ ತಮ್ಮ ಒಳಗಿನ ಕೋಣೆಯಿಂದ ಬಂದ.

ಅತ್ತೆ ತಟಕ್ಕನೆ ಎದ್ದು, ಸೆರಗು ಸರಿಮಾಡಿಕೊಂಡು, ಮೊರದ ಸಮೇತ ಅಡುಗೆಮನೆಗೆ ಹೋದರು. ಮಾವ ಪೇಪರ್ ಮಡಚಿ ಜಗಲಿಗೆ ನಡೆದರು. ಭಜನೆ ಮಾತ್ರ ಹಾಡುತ್ತಲೇ ಇತ್ತು. ತಮ್ಮ ನೀರು ಕುಡಿಯಲು ಬಂದವನ ಹಾಗೆ ಒಂದು ಲೋಟ ನೀರು ಕುಡಿದು, “ಅಂಗಡಿ ತಾವ ಹೋಗಿ ಬತ್ತೀನಿ,” ಅಂದು ಹೊರಟುಹೋದ. ಅವನು ಹೋದದ್ದೇ ತಡ, ಅತ್ತೆ ಮಾವ ಇಬ್ಬರೂ ವಾಪಸ್ ಬಂದು ಮೊದಲಿನ ಜಾಗದಲ್ಲೇ ಕೂತರು.

ಅಳಿಯನ ಮುಂದೆ ಅತ್ತೆ ಮಾವ ಕೂರಬಾರದು ಅನ್ನುವುದು ನಮ್ಮಲ್ಲೂ ಇರುವ ಮರ್ಯಾದೆಯೇ. ಹಬ್ಬಕ್ಕೆ ಬಂದುಹೋಗುವ ಅಳಿಯನಿಗೆ ಅದು ಚೆಂದ. ಅಲ್ಲೇ ಇರುವ ಅಳಿಯನ ಗತಿ ಏನು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ.

“ಅವ್ನು ಟೀವಿ ನೋಡಲ್ವಾ ಅಮ್ಮ?” ಅಂತ ಅತ್ತೆಯನ್ನು ಕೇಳಿದೆ.

“ಎಲ್ಲಪ್ಪಾ ನೋಡ್ತಾರೆ? ಅಲ್ಲುಡುಗಾರು ಕೂತ್ರೆ ನಾವು ಎದ್ದೋಗ್ಬೇಕು. ನಾವು ಎದ್ದೋಗ್ತೀವಿ ಅಂತ ಅವ್ರು ಕೂರೋದೇ ಇಲ್ಲ. ಬಂಗಾರದಂಥ ಮನ್ಸ.” ಅಳಿಯನನ್ನು ತೆಲುಗಿನಲ್ಲಿ ಅಲ್ಲುಡುಗಾರು ಅಂತಲೇ ಕರೆಯುತ್ತಾ ಆಕೆ ಅದನ್ನು ಹೆಮ್ಮೆಯಿಂದಲೇ ಹೇಳಿದರು, ಹೊಗಳಿಕೆಯಲ್ಲಿ ಸುಳ್ಳೂ ಇರಲಿಲ್ಲ.

ಅಂಗಡಿಗೆ ಹೋದೆ. ಅರ್ಧ ಷಟರ್ ಎತ್ತಿಕೊಂಡು ಬೀಜದ ಪ್ಯಾಕೆಟ್ಟು ಜೋಡಿಸುತ್ತಿದ್ದ.

“ಮ್ಯಾಚ್ ನೋಡಲ್ವೇನ್ಲಾ ಈಗ?”

“ಬಿಟ್ಬುಟ್ಟೆ ಕಣಣ್ಣ. ಫೋನಲ್ಲಿ ಚೆಂಡು ಇರೋನು ಒಬ್ನೇ ಕಾಣೋದು. ಉಳಿದೋರು ಕಾಣಲ್ಲ.”

ಕೋಪ ಮಾಡಿಕೊಂಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವನು ಟೀ ತರಿಸಿದ. ಹಿಂದೂಪುರದ ಬಸ್ಸಿನಲ್ಲಿ ಕೂತ ಮೇಲೆ ನನಗೆ ನಾಚಿಕೆಯಾಯಿತು. ಅವನು ಅಷ್ಟು ದೂರ ಬರುತ್ತಿದ್ದುದು ಬರೀ ಆಟಕ್ಕಲ್ಲ. ಅವನು ಕೂತರೆ ಯಾರೂ ಎದ್ದು ಹೋಗದ ಸೋಫಾ ಒಂದಿತ್ತು, ಅದಕ್ಕೆ ಬರುತ್ತಿದ್ದ. ಆಟ ಚೆನ್ನಾಗಿದೆಯೋ ಇಲ್ಲವೋ ಅಂತ ವಾದ ಮಾಡುತ್ತಾ ನಾನು ಅದನ್ನೇ ಕಿತ್ತುಕೊಂಡಿದ್ದೆ.

ಮುಂದಿನ ಶನಿವಾರ ಬರಲೇಬೇಕು ಅಂತ ಹಟ ಹಿಡಿದು ಕರೆಸಿದೆ. ಭಾನುವಾರ ಬೆಳಗ್ಗೆ ನಾನೇ ಮೊದಲು ಎದ್ದು ಅವನ ಬ್ಯಾಸ್ಕೆಟ್‌ಬಾಲ್ ಹಾಕಿದೆ. ಅವನು ಬಂದು ಕೂತ. ಚೆಂಡು ಇಲ್ಲದವರನ್ನೇ ನೋಡುತ್ತೇನೆ ಅಂತ ನಾನೂ ಕಣ್ಣು ಕೀಲಿಸಿ ಕೂತೆ. ಸ್ವಲ್ಪ ಹೊತ್ತಿಗೆ, ಇಬ್ಬರಿಗೂ ಕಾಫಿ ತರೋಣವೆಂದು ಮೇಲೆದ್ದೆ.

ನಾನು ಎದ್ದ ಕೂಡಲೇ ತಮ್ಮನೂ ಎದ್ದು ನಿಂತ.

“ನೀನ್ ಕೂತ್ಕೊಳಣ್ಣ,” ಅಂದ. “ನಾನ್ ಆಚೆ ಹೋಯ್ತೀನಿ.”

“ಕಾಫಿಗೆ ಎದ್ದಿದ್ದು ಕಣ್ಲಾ,” ಅಂದೆ. ಕಾಫಿಯನ್ನು ಬಿಟ್ಟು ಹಾಗೇ ಕೂತೆ. ಅವನೂ ಕೂತ, ಸೋಫಾದ ಅಂಚಿನಲ್ಲಿ, ಕಾಲು ಕೆಳಗಿಟ್ಟುಕೊಂಡು. ಆಟ ಮುಗಿಯುವ ತನಕ ನಾನು ಅಲುಗಾಡಲಿಲ್ಲ. ಅವನು ಮಾತ್ರ ಟೀವಿಗಿಂತ ಹೆಚ್ಚಾಗಿ ನನ್ನನ್ನೇ ನೋಡುತ್ತಿದ್ದ, ನಾನು ಮತ್ತೆ ಏಳುತ್ತೇನೇನೋ ಅಂತ.