ತೌಡವ್ವನ ಶಾಲೆ

ಮನೆ ಮುಂದೆ ತೌಡಿನ ಮೂಟೆ ಹೇರಿದ ಲಾರಿ ಹೋದರೆ, ಆ ವಾಸನೆಗೆ ನನಗೆ ವೈದ್ಯಕೀಯ ಪಾಠ ನೆನಪಾಗುತ್ತದೆ. ನೀವು ನಗಬಹುದು. ಇವತ್ತು ಬೆಳಿಗ್ಗೆ ನಾನೂ ನಕ್ಕೆ, ಆಮೇಲೆ ಸ್ವಲ್ಪ ಹೊತ್ತು ಕಿಟಕಿಯ ಸರಳು ಹಿಡಿದು ನಿಂತೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ರಾಯಚೂರಿನ ಒಂದು ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಆಗಿದ್ದೆ. ಶರಣಪ್ಪ ಡಾಕ್ಟರು ಅಲ್ಲಿನ ಮುಖ್ಯಸ್ಥರು. ಅವರು ಓಡಿದ್ದನ್ನು ನಾನು ನೋಡಲೇ ಇಲ್ಲ. ಆದರೂ ರೋಗಿಯ ಪಕ್ಕ ಎಲ್ಲರಿಗಿಂತ ಮೊದಲು ಅವರೇ ಇರುತ್ತಿದ್ದರು. ಓಡುತ್ತಿದ್ದವಳು, ಓಡಿ ಟ್ರೇ ಬೀಳಿಸುತ್ತಿದ್ದವಳು ನಾನು.

ಒಂದು ಮಧ್ಯಾಹ್ನ ದೇವದುರ್ಗದ ಕಡೆಯಿಂದ ಒಬ್ಬ ಹುಡುಗಿಯನ್ನು ಜೀಪಿನಲ್ಲಿ ತಂದರು. ಹೊಲದಲ್ಲಿ ಮೂರ್ಛೆ ಬಂದು ಬಿದ್ದಿದ್ದಳು. ತಾನಾಗಿ ತಿಳಿಯುವಂಥ ಮೂರ್ಛೆ. ಆದರೆ ತಾಯಿ ಅವಳನ್ನು ಅಂಗಾತ ಮಲಗಿಸಿಕೊಂಡು ದಾರಿಯುದ್ದಕ್ಕೂ ಬಾಯಿಗೆ ನೀರು ಹಾಕಿದ್ದಳು. ಪ್ರಜ್ಞೆಯಿಲ್ಲದವರಿಗೆ ಆ ನೀರು ಹೊಟ್ಟೆಗೆ ಹೋಗುವುದಿಲ್ಲ, ಶ್ವಾಸಕೋಶಕ್ಕೆ ಹೋಗುತ್ತದೆ. ಹುಡುಗಿ ಉಳಿಯಲಿಲ್ಲ.

"ಇನ್ನೊಂದು ತಂಬಿಗಿ ಹಾಕಿದ್ರ ಉಳೀತಿದ್ಲೇನ್ರಿ ಯಪ್ಪಾ?" ಎಂದು ತಾಯಿ ಕೇಳಿದಳು.

ಡಾಕ್ಟರು ಅವಳ ಮುಂದೆ ನೆಲದ ಮೇಲೆ ಕೂತರು. "ಇಲ್ಲ ಯವ್ವಾ. ನಿನ್ನ ಕೈಲಿ ಆಗೋದೆಲ್ಲ ನೀ ಮಾಡೀದಿ."

ಕೈ ತೊಳೆಯುವಾಗ ನನಗೆ ಹೇಳಿದರು: "ಸಿಸ್ಟರ್, ನಾವು ಬಾಗಿಲದಾಗ ನಿಂತು ಕಾಯಾಕತ್ತೀವಿ. ಮಂದಿ ದಾರಿಯೊಳಗ ಸಾಯಾಕತ್ತಾರ. ನಾ ಈ ನೌಕರಿ ಬಿಡ್ತೀನಿ."

ಬಿಟ್ಟೇಬಿಟ್ಟರು. ಮಾನ್ವಿಯಲ್ಲಿ ಅಕ್ಕಿ ಗಿರಣಿಯ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ಪ್ರಥಮ ಚಿಕಿತ್ಸೆ ಕಲಿಸುವ ಶಾಲೆ ತೆರೆದರು. ಜೀಪ್ ಚಾಲಕರು, ಕಂಪೌಂಡರುಗಳು, ಸೂಲಗಿತ್ತಿಯರು ಅಲ್ಲಿನ ವಿದ್ಯಾರ್ಥಿಗಳು. ಪುಕ್ಕಟೆ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲವೆಂದು ಶುಲ್ಕವನ್ನೂ ಇಟ್ಟರು.

ಗಿರಣಿ ಮಾಲೀಕರು ನಕ್ಕರು. "ಸ್ವಂತ ದವಾಖಾನಿ ಹಾಕಿದ್ರ ಬಂಗಾರ ಬೆಳೀತಿದ್ರಲ್ರೀ ಸಾಹೇಬ್ರ! ಡ್ರೈವರಗೋಳಿಗೆ ಡಾಕ್ಟರಕಿ ಕಲಿಸ್ತೀರೇನ್ರಿ?"

ವರ್ಷದೊಳಗೆ ಒಂದು ಜೀವವಾದರೂ ಉಳಿಯದಿದ್ದರೆ ಬೀಗ ಹಾಕುವೆ ಎಂದು ಡಾಕ್ಟರು ನನಗೆ ಹೇಳಿದ್ದರು. ಕಲಿಸಲು ಬಾ ಎಂದೂ ಕರೆದಿದ್ದರು. ನಾನು ಪೆನ್ಷನ್ ನೆನೆದು ಸುಮ್ಮನಾಗಿದ್ದೆ. ರಜೆಯ ದಿನ ಮಾತ್ರ ಹೋಗಿ ಹಿಂದೆ ಕೂರುತ್ತಿದ್ದೆ.

ಅಲ್ಲಿ ರೋಗಿಯೆಂದರೆ ತೌಡು ತುಂಬಿ ಕೈಕಾಲು ಹೊಲಿದ ಗೋಣಿಚೀಲ. ವಿದ್ಯಾರ್ಥಿಗಳು ಅದಕ್ಕೆ ತೌಡವ್ವ ಎಂದು ಹೆಸರಿಟ್ಟಿದ್ದರು. "ತೌಡವ್ವ ಎಚ್ಚರ ತಪ್ಪಿ ಬಿದ್ದಾಳ, ಏನ್ ಮಾಡ್ತೀರಿ?" ಎಂದು ಡಾಕ್ಟರು ಕೇಳಿದರೆ ಸಾಕು, ಎಲ್ಲರೂ ನೀರು ಹುಡುಕುತ್ತಿದ್ದರು.

"ಹೋಗೋ ಜೀವಕ್ಕ ನೀರು ಕೊಡದಿದ್ರ ಪಾಪ ಬರ್ತದ್ರೀ ಸರ್," ಎಂದ ಜೀಪಿನ ಹುಸೇನ.

"ಹೋಗೋ ಜೀವ ಅಂತ ನಿನಗ್ಯಾರು ಹೇಳಿದ್ರಲೇ?"

ಡಾಕ್ಟರು ತೌಡವ್ವನನ್ನು ಎಡಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ಹಾಕದೆ ಹೀಗೇ ಮಲಗಿಸಬೇಕೆಂದು ತೋರಿಸಿದರು.

ವರ್ಷ ತುಂಬುವ ಮುನ್ನ ಹುಸೇನನ ಜೀಪು ನಮ್ಮ ತುರ್ತು ವಿಭಾಗದ ಮುಂದೆ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಮೂರ್ಛೆ ಹೋದ ಯುವಕ, ಮಗ್ಗುಲಾಗಿ ಮಲಗಿದ್ದ. ಅವನ ಅಜ್ಜಿ ಶಪಿಸುತ್ತಲೇ ಇಳಿದಳು: "ಒಂದು ಹನಿ ನೀರು ಹಾಕಗೊಡಲಿಲ್ಲ ಈ ಭಾಡ್ಯಾ! ಇವನ ಬಾಯಾಗ ಮಣ್ಣು ಬೀಳ್ಲಿ!"

ಹುಸೇನ ಯುವಕನ ತಲೆಗೆ ಕೈ ಆನಿಸಿ ಹಿಡಿದಿದ್ದ. "ಬೈಲಿ ಬಿಡ್ರಿ ಸಿಸ್ಟರ್. ಮೊದಲ ನೋಡ್ರಿ, ಉಸಿರು ಅದ."

ಸಂಜೆ ಆ ಯುವಕ ಕಣ್ಣು ತೆರೆದು, ತಾನೇ ನೀರು ಕೇಳಿದ.

ಮರುದಿನ ಮಾನ್ವಿಗೆ ಹೋಗಿ ಪಾಠದ ನಡುವೆಯೇ ಸುದ್ದಿ ಹೇಳಿದೆ. ಡಾಕ್ಟರು ಕೇಳಿದ್ದು ಒಂದೇ: "ಯಾವ ಮಗ್ಗಲಿಗೆ ಮಲಗಿಸಿದ್ದ?"

"ಎಡಕ್ರೀ."

"ಹ್ಞಾಂ," ಎಂದು ಬೋರ್ಡಿನ ಕಡೆ ತಿರುಗಿದರು. ಬರೆಯಲು ಕೈ ಎತ್ತಿದರು. ಸೀಮೆಸುಣ್ಣ ಏನನ್ನೂ ಬರೆಯಲಿಲ್ಲ.

ಆ ವಾರವೇ ನಾನು ರಾಜೀನಾಮೆ ಕೊಟ್ಟು ಮಾನ್ವಿಯ ಶಾಲೆಗೆ ಕಲಿಸಲು ಹೋದೆ. ಪೆನ್ಷನ್ ಇಲ್ಲದ ಮುದುಕಿ ಎಂದು ನನ್ನನ್ನು ನಾನೇ ಹಂಗಿಸಿಕೊಳ್ಳುವುದು ಈಚಿನ ಚಾಳಿ. ಇಷ್ಟು ಬರೆದ ಮೇಲೆ, ಇವತ್ತು ಹಾಗೆ ಹಂಗಿಸಿಕೊಳ್ಳಲು ಬಾಯಿ ಬರುತ್ತಿಲ್ಲ.