ಸತ್ತ ಸುಣ್ಣ, ಕೆಂಪಾಗದ ಅರಿಶಿನ

ಸುಣ್ಣ ಸಾಯುತ್ತದೆ ಎಂದರೆ ನಂಬುತ್ತೀರಾ? ಮೊನ್ನೆ ನಮ್ಮ ಮನೆಯಲ್ಲಿ ಅದು ಸತ್ತೇ ಸಿಕ್ಕಿತು.

ಮೊಮ್ಮಗಳು ಸಹನಾ ಸಿದ್ದಾಪುರದ ಶಾಲೆಯಲ್ಲಿ ಏಳನೇ ಇಯತ್ತೆ. ಮರುದಿನ ಸೈನ್ಸ್ ಪ್ರಯೋಗವಿತ್ತು. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗಬೇಕು, ನಿಂಬೆ ಹಿಂಡಿದರೆ ಮತ್ತೆ ಹಳದಿ. ಇಡೀ ವರ್ಗದ ಮುಂದೆ ಇವಳೇ ತೋರಿಸಬೇಕು. ಆದರೆ ನೀರು ಕೆಂಪಾಗಲು ಒಲ್ಲದು.

"ಅಜ್ಜಿ, ನಾಳೆ ಎಲ್ಲಾರೂ ನಗ್ತಾರ ಬೇ!"

ಸುಣ್ಣ ಎಲ್ಲಿಂದ ತಂದಿ ಎಂದು ಕೇಳಿದೆ. ತೋರಿಸಿದಳು. ನನ್ನ ಯಜಮಾನರ ಎಲೆ ಅಡಿಕೆ ಚಂಚಿಯೊಳಗಿನ ಸಣ್ಣ ಡಬ್ಬಿ! ಅವರು ಹೋಗಿ ಏಳು ವರ್ಷವಾಯಿತು. ಚಂಚಿಯನ್ನು ಟ್ರಂಕಿನಲ್ಲಿ ಇಟ್ಟಿದ್ದೆ. (ಟ್ರಂಕಿಗೆ ನಾನು ಬೀಗ ಹಾಕುವುದಿಲ್ಲ. ಮೊಮ್ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು.)

"ಇದರ ಜೀವ ಹೋಗೇತವಾ. ಒಣಗಿದ ಸುಣ್ಣ ಕೆಂಪು ಮಾಡಂಗಿಲ್ಲ."

"ಹೌದಲ್ಲ! ಗಾಳಿ ಕುಡಿದು ಸುಣ್ಣ ಮತ್ತ ಕಲ್ಲ ಆಗತೈತಂತ ನಮ್ಮ ಪುಸ್ತಕದಾಗ ಐತಿ."

ಕಲ್ಲು ಸುಟ್ಟು ಸುಣ್ಣ ಮಾಡುತ್ತೇವೆ. ಬಿಟ್ಟರೆ ಅದು ಸುಮ್ಮನೆ ಕಲ್ಲಾಗಲು ಹೊರಡುತ್ತದೆ! ಈ ವಯಸ್ಸಿನಲ್ಲಿ ನನಗೆ ಹೊಸ ಸುದ್ದಿ.

ಪಾನ್ ಅಂಗಡಿಯಿಂದ ಹಸಿ ಸುಣ್ಣ ಬಂತು. ಸಹನಾ ಮುದ್ದೆಗಟ್ಟಲೆ ಹಾಕಿದಳು. ನೀರು ಕಂದು ರಾಡಿಯಾಯಿತು. ಹದವಾಗಿ ಕಲಸಿಕೊಡು ಎಂದು ಸೊಸೆ ಗಿರಿಜಾಳನ್ನು ಕರೆದೆ.

"ನನಗ ಆ ಹದ ಎಲ್ಲಿ ಗೊತ್ತೈತ್ರಿ ಅತ್ತಿ? ಆರತಿ ನೀರು ಯಾವಾಗ್ಲೂ ನೀವ ಕಲಸ್ತಿದ್ರಿ. ನೀವು ಬಿಟ್ಟ ಮ್ಯಾಲ ನಾ ಪಾಕೀಟು ಕುಂಕುಮ ಕದಡಿ ನಡಸೀನಿ."

"ಈಗ ನಾ ಹೆಂಗ ಮುಟ್ಲಿ, ಗಿರಿಜಾ?"

"ಯಾರು ಬ್ಯಾಡಂದಾರ್ರಿ?"

ಯಾರು? ಯೋಚಿಸಿದೆ. ಅತ್ತೆ ಆಗಲೇ ಇರಲಿಲ್ಲ. ಕುಷ್ಟಗಿಯ ನಾದಿನಿ ಏನೂ ಅಂದವಳಲ್ಲ. ಯಜಮಾನರು ತೀರಿದ ಮೇಲೆ ಆರತಿ ತಟ್ಟೆಯಿಂದ ಕೈ ಹಿಂದೆಳೆದುಕೊಂಡವಳು ನಾನೇ. (ಸಾರಿನ ಅರಿಶಿನ ಬೇರೆ, ಆರತಿಯ ಅರಿಶಿನ ಬೇರೆ ಎಂದು ಕಾಯ್ದೆ ಮಾಡಿದವಳೂ ನಾನೇ!)

"ಲಗೂ ಮಾಡ ಅಜ್ಜಿ, ನಂದಿನ್ನೂ ಬರಿಯೋದು ಐತಿ!"

ಹೊಸ ನೀರಿಗೆ ಅರಿಶಿನ ಹಾಕಿದೆ. ಬೆರಳ ತುದಿಗೆ ಅಕ್ಕಿಕಾಳಿನಷ್ಟು ಸುಣ್ಣ ತೆಗೆದುಕೊಂಡು ಮೆಲ್ಲಗೆ ತಿರುವಿದೆ.

ಕೆಂಪು. ದಾಸವಾಳದಂಥ ಕೆಂಪು.

"ಅಜ್ಜಿ, ನೀನ ನಮ್ಮ ಸೈನ್ಸ್ ಟೀಚರ್!" ಎಂದು ಕುಣಿದ ಸಹನಾ ನಿಂಬೆ ಹಿಂಡಿದಳು. ಕೆಂಪೆಲ್ಲ ಮಾಯ, ಹಳದಿ! ಎಷ್ಟು ಆರತಿ ಎತ್ತಿದ್ದೇನೆ ನಾನು. ಹುಳಿ ಹಿಂಡಿ ನೋಡಬೇಕೆಂದು ಯಾರಿಗೆ ಹೊಳೆದಿತ್ತು?

ಬೆಳಿಗ್ಗೆ ಶಾಲೆಗೆ ಹೊರಟವಳು ಹೊಸ್ತಿಲಲ್ಲಿ ನಿಂತುಬಿಟ್ಟಳು. "ನನಗೊಂದು ಆರತಿ ಮಾಡಿ ಕಳಸು." ಗಿರಿಜಾ ತಟ್ಟೆಯನ್ನು ನನ್ನ ಕೈಗೇ ಕೊಟ್ಟಳು. ಎತ್ತಿದೆ.

ಕೆಂಪಾಗುವಾಗ ಅರಿಶಿನ ನನ್ನ ಬರಿದಾದ ಹಣೆಯನ್ನು ನೋಡಲೇ ಇಲ್ಲ. ಏಳು ವರ್ಷ ಆ ಹಣೆಯನ್ನೇ ನೋಡುತ್ತ ಕೂತವಳು ನಾನೇ ಅಲ್ಲವೇ?