ರೆಪ್ಪೆಯಂಚಿನ ಎಣ್ಣೆ

ಬಿಸ್ಕತ್ತು ಕಾರ್ಖಾನೆಯ ಸಿಬ್ಬಂದಿ ಮ್ಯಾನೇಜರನಿಗೆ ಕೆಲಸಗಾರರು ಇಟ್ಟ ಹೆಸರು ಹೆಂಗರುಳಪ್ಪ. ಯಾರನ್ನಾದರೂ ಕೆಲಸದಿಂದ ತೆಗೆಯುವಾಗ ಆ ಪುಣ್ಯಾತ್ಮನ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಎ.ಸಿ.ಯ ಗಾಳಿಗೆ ಮುಖವೊಡ್ಡಿ ಕೂತು, ಆದೇಶದ ಎರಡು ಸಾಲು ಓದುವಷ್ಟರಲ್ಲಿ ಕರವಸ್ತ್ರ ಹೊರಬರುತ್ತಿತ್ತು. ಒಲೆಮನೆಯ ಮೇಸ್ತ್ರಿಯನ್ನು ತೆಗೆದ ದಿನವಂತೂ, ಆತ ತನ್ನ ಸಂಕಟ ಬದಿಗಿಟ್ಟು ಮ್ಯಾನೇಜರನಿಗೇ ಕುಡಿಯಲು ನೀರು ತಂದುಕೊಟ್ಟ.

"ಹೋಗ್ಲಿ ಬಿಡಿ ಸಾರ್, ನೀವಾದ್ರೂ ಏನ್ ಮಾಡ್ತೀರ ಪಾಪ!"

ಕಣ್ಣು ಯಾಕೆ ಹೀಗೆ ಸೋರುತ್ತದೆಂದು ಹೆಂಗರುಳಪ್ಪನಿಗೂ ತಿಳಿದಿರಲಿಲ್ಲ. ತಿಳಿದುಕೊಳ್ಳುವ ಆತುರವೂ ಇರಲಿಲ್ಲ. ಜನ ತನ್ನನ್ನು ಕರುಣಾಳು ಎಂದರೆ ಬೇಡವೆನ್ನಲು ಅವನಿಗೇನು ತಲೆ ಕೆಟ್ಟಿತ್ತೆ? ಬರಬರುತ್ತಾ ಅವನೇ ಅದನ್ನು ನಂಬಿದ. ಮಾಲೀಕನಿಗಂತೂ ಅವನು ಕೇಳದೆ ಬಂದ ವರ. ಪಕ್ಕದ ಕಾರ್ಖಾನೆಗಳಲ್ಲಿ ಕೆಲಸ ಕಳೆದುಕೊಂಡವರು ಧಿಕ್ಕಾರ ಕೂಗುತ್ತಿದ್ದರು. ಇಲ್ಲಿಯವರು ಮ್ಯಾನೇಜರನಿಗೆ ಸಮಾಧಾನ ಹೇಳಿ ಮನೆಗೆ ಹೋಗುತ್ತಿದ್ದರು.

ಹೆಂಡತಿಗೆ ಮಾತ್ರ ಈ ಕರುಣೆಯ ಕಥೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ನಮ್ಮಮ್ಮ ಸತ್ತ ದಿನ ಮೂಲೇಲಿ ಕೂತು ಕ್ರಿಕೆಟ್ ಸ್ಕೋರ್ ಕೇಳ್ತಿದ್ದ ಮನುಷ್ಯ ಇವ್ರು. ಒಂದ್ಸಲ ಆ ಕಣ್ಣು ನೋಡೇ" ಎಂದು ತನ್ನ ಅಣ್ಣನ ಮಗಳಿಗೆ ಹೇಳಿದಳು. ಆ ಹುಡುಗಿ ಕಣ್ಣಿನ ಡಾಕ್ಟರು. ಊಟಕ್ಕೆಂದು ಬಂದವಳು ಮಾವನನ್ನು ಕಿಟಕಿಯ ಬಳಿ ಕೂರಿಸಿ, ಕೆಳರೆಪ್ಪೆಯ ಅಂಚನ್ನು ಮೆಲ್ಲಗೆ ಒತ್ತಿದಳು. ಕೊಳವೆಯಿಂದ ಟೂತ್‌ಪೇಸ್ಟ್ ಬಂದಂತೆ ಬಿಳಿಯ ಗಸಿ ಹೊರಬಂತು.

"ಮಾವ, ನೀವು ಅಳ್ತಾ ಇಲ್ಲ. ನಿಮ್ಮ ಕಣ್ಣು ಒಣಗ್ತಾ ಇದೆ."

"ಒಣಗಿದ ಕಣ್ಣಲ್ಲಿ ನೀರು ಹೇಗಮ್ಮ ಬರುತ್ತೆ?"

"ಚರ್ಮದಲ್ಲಿ ಜಿಡ್ಡು ಮಾಡೋ ಗ್ರಂಥಿಗಳು ಇರ್ತಾವಲ್ಲ, ಅದೇ ಜಾತಿಯವು ರೆಪ್ಪೆ ಅಂಚಲ್ಲೂ ಸಾಲಾಗಿ ಇವೆ. ಅದರೊಳಗಿನ ಜೀವಕೋಶಗಳು ಎಣ್ಣೆ ತುಂಬ್ಕೊಂಡು, ಒಡೆದು, ತಾವೇ ಎಣ್ಣೆಯಾಗಿ ಹೊರಗೆ ಬರ್ತವೆ. ಆ ಎಣ್ಣೆ ಕಣ್ಣಿನ ನೀರಿನ ಮೇಲೆ ತೆಳ್ಳಗೆ ಹರಡಿ, ಅದು ಆರಿಹೋಗದ ಹಾಗೆ ಕಾಯುತ್ತೆ. ನಿಮ್ಮ ಎಣ್ಣೆ ಗಟ್ಟಿಯಾಗಿ ಗ್ರಂಥಿಗಳ ಬಾಯಿ ಕಟ್ಕೊಂಡಿದೆ. ಕಣ್ಣು ಒಣಗಿ ಉರಿಯುತ್ತೆ, ಉರಿಗೆ ಗಾಬರಿಯಾಗಿ ನೀರು ಸುರಿಸುತ್ತೆ. ಎ.ಸಿ. ಗಾಳಿ ಬಿದ್ರೆ ಇನ್ನೂ ಜಾಸ್ತಿ."

"ನಾನು ಹೇಳ್ಲಿಲ್ವಾ?" ಎಂದಳು ಹೆಂಡತಿ, ಗೆದ್ದವಳಂತೆ.

ಮುಚ್ಚಿದ ರೆಪ್ಪೆಯ ಮೇಲೆ ಬಿಸಿ ಬಟ್ಟೆ, ಆಮೇಲೆ ಮೆತ್ತಗೆ ನೀವುವುದು, ಎ.ಸಿ. ಗಾಳಿಗೆ ಮುಖವೊಡ್ಡಿ ಕೂರದಿರುವುದು: ಇಷ್ಟೇ ಚಿಕಿತ್ಸೆ. ಕೆಲವು ವಾರಗಳಲ್ಲಿ ಉರಿ ನಿಂತಿತು, ಕಣ್ಣು ತಿಳಿಯಾಯಿತು.

ಆಗಲೇ ಪ್ಯಾಕಿಂಗ್ ವಿಭಾಗದ ಹೆಂಗಸರನ್ನು ತೆಗೆಯುವ ಆದೇಶ ಬಂತು. ಹೆಂಗರುಳಪ್ಪ ಓದಿದ. ಒಂದು ಹನಿ ಇಲ್ಲ! ಕಷ್ಟಪಟ್ಟು ಕಣ್ಣು ಪಿಳುಕಿಸಿದ, ಹಳೆಯ ದುಃಖಗಳನ್ನು ನೆನೆಯಲು ನೋಡಿದ. ಹುಡುಕಿದರೆ ಅಂಥದ್ದೊಂದೂ ಸಿಗಲಿಲ್ಲ. ಮುಂದೆ ನಿಂತಿದ್ದ ಹಿರಿಯಳು ಅವನ ಕೈಯಲ್ಲಿದ್ದ ಒಣ ಕರವಸ್ತ್ರ ನೋಡಿದಳು.

"ಏನ್ ಸಾರ್, ನಮ್ಮ ಪಾಲಿಗೆ ಅಷ್ಟೂ ಇಲ್ವಾ?"

ಮ್ಯಾನೇಜರನ ಅಳು ಅಡ್ಡ ಬಾರದ್ದರಿಂದ ಅಂದು ಆ ಹೆಂಗಸರಿಗೆ ಆದೇಶದ ಮಾತೆಲ್ಲ ಸ್ಪಷ್ಟವಾಗಿ ಕೇಳಿಸಿತು. ಯಾಕೆ ತೆಗೀತೀರಿ, ನಮ್ಮನ್ನೇ ಯಾಕೆ ಎಂದು ಕೇಳಿದರು. ಹೆಂಗರುಳಪ್ಪ ಅದೇ ಆದೇಶವನ್ನು ಮತ್ತೆ ಓದಿದ. ಮಧ್ಯಾಹ್ನದೊಳಗೆ ಯಂತ್ರಗಳು ನಿಂತವು, ಗೇಟಿನ ಮುಂದೆ ಜನ ಕೂತರು. ಮಾಲೀಕ ಆದೇಶವನ್ನು ನುಂಗಿಕೊಳ್ಳಬೇಕಾಯಿತು.

"ನಿಮ್ಮ ಕಣ್ಣಿಗೆ ಏನ್ರೀ ಆಯ್ತು?" ಎಂದು ಹೆಂಗರುಳಪ್ಪನನ್ನು ಕರೆಸಿ ಕೇಳಿದ.

"ವಾಸಿ ಆಯ್ತು ಸಾರ್."

"ವಾಸಿ ಮಾಡ್ಕೊಳ್ಳಿ ಅಂತ ಯಾರ್ರೀ ಹೇಳಿದ್ದು?"

ಹೆಂಗರುಳಪ್ಪ ಬಿಸಿ ಬಟ್ಟೆ ಬಿಟ್ಟ. ಎ.ಸಿ.ಯ ರೆಕ್ಕೆಗಳನ್ನು ತನ್ನ ಮುಖಕ್ಕೇ ತಿರುಗಿಸಿಕೊಂಡ. ಸ್ವಾಮಿಭಕ್ತಿ ಎಂದರೆ ಅದು! ಕೆಲವು ತಿಂಗಳಲ್ಲಿ ಎಣ್ಣೆ ಮತ್ತೆ ಹೆಪ್ಪುಗಟ್ಟಿತು, ಕಣ್ಣು ಕೆಂಡವಾಯಿತು, ನೀರು ಕೋಡಿ ಹರಿಯಿತು. ಈ ಸಲ ಆ ಹಿರಿಯಳೊಬ್ಬಳನ್ನೇ ಒಳಗೆ ಕರೆದು, ಬಿಕ್ಕುವ ದನಿಯಲ್ಲಿ ಆದೇಶ ಓದತೊಡಗಿದ. ಅವಳು ಹತ್ತಿರ ಬಂದು ಅವನ ರೆಪ್ಪೆಯನ್ನು ದಿಟ್ಟಿಸಿದಳು.

"ಸಾರ್, ಪ್ಯಾಕಿಂಗಿಗೆ ಬರೋ ಮುಂಚೆ ಒಲೆಮನೇಲಿದ್ದಾಗ ಶಾಖಕ್ಕೆ ನನಗೂ ಹಿಂಗೇ ಆಗಿತ್ತು. ಬಿಸಿ ಬಟ್ಟೆ ಇಟ್ಕೊಳ್ಳಿ, ಹೋಗುತ್ತೆ."

ಹೊರಗೆ ಬಂದು ಅವಳು ಹೇಳಿದ್ದಕ್ಕೆ ಇಡೀ ವಿಭಾಗ ನಕ್ಕಿತು. ನಗುವವರ ಮುಂದೆ ಅಳುವ ಮ್ಯಾನೇಜರ್ ಯಾವ ಕೆಲಸಕ್ಕೆ ಬಂದಾನು? ಮಾಲೀಕ ಅವನನ್ನು ಮೈದಾ ಚೀಲಗಳ ಗೋದಾಮಿಗೆ ಹಾಕಿದ. ಆ ಆದೇಶ ಓದಿದ ಹೊಸ ಮ್ಯಾನೇಜರಮ್ಮ ತಲೆ ಕೂಡ ಎತ್ತಲಿಲ್ಲ.

ಮನೆಯಲ್ಲಿ ಹೆಂಡತಿ ನೀರು ಕಾಯಿಸಿ, ಬಟ್ಟೆ ಹಿಂಡಿ, ಅವನ ಕಣ್ಣ ಮೇಲಿಟ್ಟಳು.

"ಬಿಸಿ ಜಾಸ್ತಿ ಆಯ್ತು ಕಣೇ."

"ಸುಮ್ನೆ ಇರ್ರಿ. ಗಟ್ಟಿಯಾಗಿರೋದು ಕರಗ್ಬೇಕಲ್ಲ."